ಶಸ್ತ್ರವಿದ್ಯೆಯೂ ಹೊಸ ಕನ್ನಡಕವೂ

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯವರು ನೇಮಿಸಿದ್ದ ಶಸ್ತ್ರಚಿಕಿತ್ಸೆಯ ಆಯೋಗವು 2015ನೆಯ ಇಸವಿಯಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಬೇಕಾದ ಹೊತ್ತಿನಲ್ಲಿ, ಪ್ರಾಣಾಪಾಯವಿಲ್ಲದಂತೆ, ಮನೆಮಠ ಮಾರಿಕೊಳ್ಳದಂತೆ ಶಸ್ತ್ರಚಿಕಿತ್ಸೆ ದೊರೆಯುವ ಮಾರ್ಗವು ಜಗತ್ತಿನ ಸುಮಾರು 500 ಕೋಟಿ ಜನರಿಗೆ ಇಲ್ಲವೆಂದು ಆ ವರದಿಯು ಲೆಕ್ಕಹಾಕಿ ತೋರಿಸಿತು. ವರ್ಷವೊಂದಕ್ಕೆ ಲೋಕದಲ್ಲೆಲ್ಲ ನಡೆಯುವ 31 ಕೋಟಿ 30 ಲಕ್ಷ ಶಸ್ತ್ರಕ್ರಿಯೆಗಳಲ್ಲಿ ಅತಿ ಬಡ ದೇಶಗಳ ಪಾಲಿಗೆ ಬರುವುದು ನೂರಕ್ಕೆ 6 ಮಾತ್ರ; ಆ ದೇಶಗಳಲ್ಲಿಯೋ ಲೋಕದ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ವಾಸಿಸುವರು. ಕೊರತೆ ತುಂಬಬೇಕಾದರೆ ವರ್ಷವರ್ಷವೂ ಇನ್ನು 14 ಕೋಟಿ 30 ಲಕ್ಷ ಶಸ್ತ್ರಕ್ರಿಯೆಗಳು ನಡೆಯಬೇಕು. ನಡೆಸುವವರಾರು? ಹಣವನ್ನು ಸಾಲ ತರಬಹುದು. ಕಟ್ಟಡವನ್ನು ಎರಡು ವರ್ಷದಲ್ಲಿ ಎಬ್ಬಿಸಬಹುದು. ಒಬ್ಬ ಶಸ್ತ್ರವೈದ್ಯನನ್ನಾಗಲಿ ವೈದ್ಯೆಯನ್ನಾಗಲಿ ಸಿದ್ಧಪಡಿಸುವುದಕ್ಕೆ ಶಾಲೆ ಬಿಟ್ಟ ಮೇಲೆ ಹತ್ತು ವರ್ಷಗಳಾದರೂ ಹಿಡಿಯುವುವು. ಅದಕ್ಕೂ ಮಿಗಿಲಾಗಿ, ಪಕ್ಕದಲ್ಲಿ ನಿಂತು ‘ಅಲ್ಲಿ ಬೇಡ, ಇಲ್ಲಿ ಕೊಯ್ಯಿ’ ಎಂದು ಹೇಳುವ ಗುರುವೊಬ್ಬನು ಬೇಕು. ಗುರುಗಳೇ ಇಲ್ಲದ ನಾಡಿನಲ್ಲಿ ಶಿಷ್ಯರು ಸಿದ್ಧರಾಗುವುದೆಂತು?

ಈ ಗಂಟನ್ನು ಬಿಡಿಸುವುದಕ್ಕೆಂದು ಕೆಲವು ವರ್ಷಗಳಿಂದ ಹೊಸ ಸಾಧನವೊಂದನ್ನು ಮುಂದಿಡುತ್ತಿರುವರು. ಆಗ್ಮೆಂಟೆಡ್ ರಿಯಾಲಿಟಿ ಎಂದು ಅದರ ಹೆಸರು. ವರ್ಧಿತ ವಾಸ್ತವವೆಂದು ಕನ್ನಡಿಸಿದವರುಂಟು. ಹೆಸರು ಗಡುಸಾದರೂ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ಎದುರಿಗಿರುವ ವಸ್ತುವಿನ ಮೇಲೆ, ಅಲ್ಲಿಲ್ಲದ ಚಿತ್ರವೊಂದನ್ನು ಹೊದಿಸಿ, ಎರಡೂ ಒಂದೇ ನೋಟದಲ್ಲಿ ಕಾಣುವಂತೆ ಮಾಡುವುದೇ ಅದರ ಉಪಾಯ. ಶಸ್ತ್ರಶಾಲೆಯ ಮೇಜಿನ ಮೇಲುಗಡೆ ಒಂದು ಕ್ಯಾಮೆರಾ ಇರುವುದು. ಅದು ಕಂಡದ್ದು ಸಾವಿರಾರು ಮೈಲಿ ಆಚೆಯ ಗುರುವಿನ ಕೈಯಲ್ಲಿರುವ ಟ್ಯಾಬ್ಲೆಟ್ಟಿನಲ್ಲಿ ಮೂಡುವುದು. ಗುರುವು ಆ ಚಿತ್ರದ ಮೇಲೆ ಬೆರಳಿನಿಂದ ಗೆರೆ ಎಳೆದರೆ, ಅಥವಾ ತನ್ನ ಕೈಯನ್ನೇ ಚಾಚಿ ತೋರಿಸಿದರೆ, ಆ ಗೆರೆಯೂ ಆ ಕೈಯೂ ಶಿಷ್ಯನ ಮುಂದಿನ ಪರದೆಯಲ್ಲಿಯೋ ಅವನು ಧರಿಸಿದ ಕನ್ನಡಕದಲ್ಲಿಯೋ, ರೋಗಿಯ ಮೈಮೇಲೆಯೇ ಇಟ್ಟಂತೆ ಕಾಣಿಸುವುವು. ಇನ್ನೊಂದು ಬಗೆಯಲ್ಲಿ, ಸ್ಕ್ಯಾನಿನಿಂದ ಮೊದಲೇ ತೆಗೆದ ಒಳಗಿನ ಚಿತ್ರವನ್ನು ರೋಗಿಯ ದೇಹಕ್ಕೆ ಕೂಡಿಸಿ ತೋರಿಸುವರು. ಇದು ಎಲುಬಿಗೆ ಒಪ್ಪಿದಷ್ಟು ಮೆತ್ತನೆಯ ಅಂಗಗಳಿಗೆ ಒಪ್ಪದು. ಎಲುಬು ಇದ್ದಲ್ಲಿಯೇ ಇರುವುದು, ಕರುಳು ಯಕೃತ್ತುಗಳು ಉಸಿರಾಡಿದರೂ ಸರಿಯುವುವು. ಬಡ ದೇಶಗಳಿಗೆ ಹೆಚ್ಚಾಗಿ ಒದಗುವುದು ಮೊದಲನೆಯ ಬಗೆಯೇ. ನಮ್ಮ ಮಾತೂ ಅದನ್ನು ಕುರಿತದ್ದೇ.

ಇದು ಬರಿಯ ಜಾಹೀರಾತಿನ ಮಾತಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದ ಮಕ್ಕಳ ಆಸ್ಪತ್ರೆಯ ಮಿದುಳಿನ ಶಸ್ತ್ರವೈದ್ಯರು, ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಮಕ್ಕಳ ಆಸ್ಪತ್ರೆಯವರಿಗೆ ಈ ರೀತಿಯಲ್ಲಿ ಮಾರ್ಗದರ್ಶನ ಮಾಡಿದ 15 ಶಸ್ತ್ರಕ್ರಿಯೆಗಳ ವರದಿಯು 2016ರಲ್ಲಿ ಪ್ರಕಟವಾಯಿತು. ನೋಟವೂ ಮಾತೂ ಭೂಗೋಳದ ಅರ್ಧವನ್ನು ದಾಟಿ ಬರುವುದಕ್ಕೆ ಹಿಡಿದ ಹೊತ್ತು ಕಾಲು ಸೆಕೆಂಡಿನಷ್ಟು. ಬೇರೂಟಿನ ಅಮೆರಿಕನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿದ್ದ ಘಸ್ಸಾನ್ ಅಬು ಸಿತ್ತಾ ಎಂಬ ಶಸ್ತ್ರವೈದ್ಯರು, ದಿಗ್ಬಂಧನದಲ್ಲಿದ್ದ ಗಾಜಾದ ವೈದ್ಯರಿಗೆ, ಕೆಟ್ಟ ಕೈಯೊಂದನ್ನು ಮತ್ತೆ ಕಟ್ಟುವ ಕ್ಲಿಷ್ಟವಾದ ಕೆಲಸದಲ್ಲಿ ಹೀಗೆಯೇ ನೆರವಾದರು. ಅದರ ವೃತ್ತಾಂತವು 2018ರಲ್ಲಿ ಅಚ್ಚಾಯಿತು. ಅಲ್ಲಿ ಉಪಯೋಗಿಸಿದ ಪ್ರಾಕ್ಸಿಮಿ ಎಂಬ ಏರ್ಪಾಡನ್ನು 2016ರಲ್ಲಿ ಸ್ಥಾಪಿಸಿದವರು ಲೆಬನಾನ್ ಮೂಲದ, ಲಂಡನ್ನಿನಲ್ಲಿ ಕೆಲಸ ಮಾಡುವ ಶಸ್ತ್ರವೈದ್ಯೆ ನದೀನ್ ಹಚಾಚ್-ಹರಾಮ್ ಅವರು. ದಕ್ಷಿಣ ಅಮೆರಿಕದ ಪೆರುವಿನಲ್ಲಿ ಸೀಳುತುಟಿಯ ಮಕ್ಕಳ ಚಿಕಿತ್ಸೆಗಾಗಿ ಗ್ಲೋಬಲ್ ಸ್ಮೈಲ್ ಫೌಂಡೇಶನ್ ಎಂಬ ಸಂಘದವರು ಸ್ವತಃ ಹೋಗಿಬರುತ್ತಿದ್ದರಷ್ಟೆ. ಒಂದು ಭೇಟಿಗೂ ಇನ್ನೊಂದು ಭೇಟಿಗೂ ನಡುವಣ ತಿಂಗಳುಗಳಲ್ಲಿ ಅಲ್ಲಿಯ ವೈದ್ಯರ ಕೈಯನ್ನು ದೂರದಿಂದ ತಿದ್ದುವುದಕ್ಕೆ ಅವರು ಇದೇ ಸಾಧನವನ್ನು ಬಳಸಿದರು. ಗುರು ಮೊದಲು ಮುಖಾಮುಖಿ ಬಂದನು, ಪರದೆ ಆಮೇಲೆ ಬಂದಿತು ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ದೂರದ ಚಿತ್ರವನ್ನು ನೋಡಿ ಶಸ್ತ್ರವಿದ್ಯೆಯನ್ನು ಕಲಿಯುವುದು ಈಗ ಹೊಸದಾಗಿ ಹುಟ್ಟಿದುದೇನೂ ಅಲ್ಲ. ಅದಕ್ಕೆ ನಮ್ಮ ನಾಡಿನ ಯುದ್ಧವೊಂದು ನಿಮಿತ್ತವಾಗಿತ್ತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬವನು ಟೀಪೂ ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿಯಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟನು. ತೆಳುವಾದ ಮೇಣದ ಹಾಳೆಯನ್ನು ಮೂಗಿದ್ದ ಸ್ಥಳಕ್ಕೆ ಹೊಂದಿಸಿ, ಬೇಕಾದ ಆಕಾರವನ್ನು ಕೊಟ್ಟು, ಅದನ್ನು ಚಪ್ಪಟೆಮಾಡಿ ಹಣೆಯ ಮೇಲೆ ಹೊದಿಸಿ, ಸುತ್ತ ಗೆರೆ ಎಳೆದು, ಆ ಗೆರೆಯ ಮೇಲೆ ಕೊಯ್ದನು. ಇಂದಿನ ಕನ್ನಡಕವು ಮಾಡುವುದೂ ಇದನ್ನೇ ಅಲ್ಲವೆ? ಬೊಂಬಾಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. ಚಿತ್ರಸಹಿತವಾದ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಪ್ರಕಟವಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯನು ಈ ಕ್ರಮವನ್ನು ಅನುಸರಿಸಿ 1814ರಲ್ಲಿ ಮೂಗು ಕಟ್ಟಿ, 1816ರಲ್ಲಿ ಪುಸ್ತಕ ಬರೆದನು. ಯೂರೋಪು ಆ ವಿದ್ಯೆಯನ್ನು ಹೀಗೆ ಪಡೆಯಿತು. ಪುಣೆಯ ಗುರುವಿನ ಹೆಸರು ಮಾತ್ರ ಆ ವೃತ್ತಾಂತದಲ್ಲಿ ಇಲ್ಲ.

ಚಿತ್ರವು ಅಚ್ಚಾದ ವರ್ಷಕ್ಕೂ ಲಂಡನ್ನಿನಲ್ಲಿ ಶಸ್ತ್ರವು ಚರ್ಮವನ್ನು ಮುಟ್ಟಿದ ವರ್ಷಕ್ಕೂ ನಡುವೆ 20 ವರ್ಷಗಳ ಅಂತರವುಂಟು. ಅಚ್ಚಿನ ಚಿತ್ರಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಶಿಷ್ಯನು ತಪ್ಪಿದರೆ ಅದು ತಡೆಯಲಾರದು, ಕೇಳಿದರೆ ಉತ್ತರ ಕೊಡಲಾರದು. ಹೊಸ ಸಾಧನದ ನಿಜವಾದ ಹೆಚ್ಚಳವು ಇಲ್ಲಿರುವುದು: ಶಿಷ್ಯನು ಶಸ್ತ್ರ ಹಿಡಿದ ಕೈಯನ್ನು ಅರೆಗಳಿಗೆ ನಿಲ್ಲಿಸಿ ‘ಇದು ನರವೋ, ಸ್ನಾಯುವೋ?’ ಎಂದು ಕೇಳಬಹುದು, ಕೇಳಿದ ಗಳಿಗೆಯಲ್ಲಿಯೇ ಉತ್ತರ ಪಡೆಯಬಹುದು. ಈ ಲಾಭವು ಸಾಮಾನ್ಯವಾದುದಲ್ಲ. ವಿದ್ಯುತ್ತೂ ರಸ್ತೆಯೂ ಆಗುವವರೆಗೆ ಇಂಥವೆಲ್ಲ ಬೇಡವೆನ್ನುವವರ ಗುಂಪಿಗೆ ನಾವು ಸೇರಿದವರಲ್ಲ.

ಸುಶ್ರುತಸಂಹಿತೆಯ ಮಾತನ್ನು ನಮ್ಮ ವಾಚಕರಲ್ಲಿ ಹಲವರು ಈಗ ನೆನೆಯುತ್ತಿರಬಹುದು. ಶಿಷ್ಯನು ಮೊದಲು ಕುಂಬಳ, ಸೋರೆ, ಸೌತೆಗಳಲ್ಲಿ ಕೊಯ್ಯುವುದನ್ನೂ, ಸತ್ತ ಪಶುಗಳ ಸಿರೆಗಳಲ್ಲಿಯೂ ತಾವರೆಯ ದಂಟಿನಲ್ಲಿಯೂ ಚುಚ್ಚುವುದನ್ನೂ, ಗೊಂಬೆಯ ಅಂಗಗಳಿಗೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸಮಾಡಬೇಕೆಂದು ಅಲ್ಲಿ ವಿಧಿಸಿದೆ. ಇದನ್ನು ಹೇಳಿ ಮೀಸೆ ತಿರುವಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಗ್ರಂಥವು ಶಾಸ್ತ್ರಿಗಳ ಮನೆಯ ಗೂಡಿನಲ್ಲಿ ಉಳಿಯಿತು. ಕೈಚಳಕವು ಇಟ್ಟಿಗೆಯವನ ಮನೆಯಲ್ಲಿ ಉಳಿಯಿತು. ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡಿದ್ದಿಲ್ಲ. ಅದರ ಫಲವನ್ನು ಈ ದೇಶವು ಉಂಡಿತು. ಸುಶ್ರುತನಿಂದ ನಾವು ಇಲ್ಲಿ ತೆಗೆದುಕೊಳ್ಳತಕ್ಕದ್ದು ಒಂದು ಕ್ರಮವನ್ನು ಮಾತ್ರ: ಕಣ್ಣಿಗಿಂತ ಮೊದಲು ಕೈ ಕಲಿಯಬೇಕು. ಚರ್ಮ ಎಷ್ಟು ಎಳೆದರೆ ಹರಿದೀತು, ದಾರವನ್ನು ಎಷ್ಟು ಬಿಗಿದರೆ ರಕ್ತ ನಿಂತೀತು, ಎಷ್ಟು ಬಿಗಿದರೆ ಮಾಂಸ ಸತ್ತೀತು ಎಂಬುದು ಬೆರಳಿನ ಅರಿವು. ದೂರದ ಗುರುವಿನ ಗೆರೆ ಬರುವುದು, ಬೆರಳಿನ ಒತ್ತಡ ಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಡಿಲಲ್ಲಿ ಹುಟ್ಟಿದ ಮಿಮಿಕ್ ಎಂಬ ಸಣ್ಣ ಉದ್ಯಮದವರು ಎಂಡೋಸ್ಕೋಪಿಯ ಅಭ್ಯಾಸಕ್ಕಾಗಿ, ಕೈಗೆ ಒತ್ತಡವು ತಿಳಿಯುವಂತಹ ಯಂತ್ರವನ್ನು ನಿರ್ಮಿಸಿರುವರು. ಇಂತಹವು ಇನ್ನೂ ಹತ್ತು ಬರಲಿ. ಅಲ್ಲಿಯವರೆಗೆ ಕುಂಬಳಕಾಯಿಗೂ ಹಂದಿಯ ಚರ್ಮಕ್ಕೂ ಬೆಲೆಯುಂಟು. ಅವು ಅಗ್ಗವಾಗಿಯೂ ಸಿಕ್ಕುವುವು.

ಇನ್ನು ನಮ್ಮ ಮನಸ್ಸಿಗೆ ನೋವನ್ನುಂಟುಮಾಡುವ ಭಾಗಕ್ಕೆ ಬರೋಣ. ಗಾಜಾದ ಉದಾಹರಣೆಯನ್ನು ಎಲ್ಲರೂ ಹೊಗಳಿದರು. ಆಮೇಲಿನ ಕಥೆಯನ್ನು ಹೇಳುವವರು ವಿರಳ. 2023ರ ಅಕ್ಟೋಬರಿನಲ್ಲಿ ಯುದ್ಧವು ಆರಂಭವಾದಾಗ ಅದೇ ಅಬು ಸಿತ್ತಾ ಅವರು ಗಾಜಾಕ್ಕೆ ಸ್ವತಃ ಹೋಗಿ ಅಲ್ಲಿಯ ಆಸ್ಪತ್ರೆಗಳಲ್ಲಿ ಶಸ್ತ್ರ ಹಿಡಿದು ನಿಂತರು. ಆ ತಿಂಗಳ 27ನೆಯ ತಾರೀಖಿನ ಸಂಜೆ ಗಾಜಾದ ದೂರವಾಣಿಯೂ ಇಂಟರ್‌ನೆಟ್ಟೂ ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತುಹೋದುವು. ಪಕ್ಕದ ಬೀದಿಯಲ್ಲಿ ಬಿದ್ದ ಗಾಯಾಳುವಿಗಾಗಿ ಆಂಬ್ಯುಲೆನ್ಸನ್ನು ಕರೆಯುವುದಕ್ಕೂ ಮಾರ್ಗವಿರಲಿಲ್ಲ. ಬೇರೂಟಿನಿಂದಲೋ ಲಂಡನ್ನಿನಿಂದಲೋ ಗೆರೆ ಎಳೆಯುವುದು ಎಲ್ಲಿಯ ಮಾತು? ಅಂದು ರಾತ್ರಿ ಗಾಯಾಳುಗಳ ಪಾಲಿಗೆ ಇದ್ದದ್ದು ಅಲ್ಲಿ ನಿಂತಿದ್ದ ವೈದ್ಯರ ಕೈಗಳು ಮಾತ್ರ. ತಂತಿಯ ಆಚೆಯ ತುದಿ ಪರರ ಕೈಯಲ್ಲಿರುವಾಗ, ಅದರ ಮೂಲಕ ಬರುವ ವಿದ್ಯೆಯು, ಬೇಗ ನಮ್ಮ ಕೈಗೆ ಇಳಿದು ನಮ್ಮದಾಗದಿದ್ದರೆ, ಕನ್ನಡಿಯೊಳಗಿನ ಗಂಟಾಗುವುದು.

ಯುದ್ಧದ ಮಾತು ಅತಿಯಾಯಿತೆನ್ನುವವರು ವ್ಯಾಪಾರದ ಮಾತನ್ನಾದರೂ ಕೇಳಲಿ. ಶಸ್ತ್ರಶಾಲೆಗಳಲ್ಲಿ ಇಂತಹ ಪ್ರಯೋಗಗಳಿಗೆ ಬಹಳವಾಗಿ ಬಳಕೆಯಾದ ಕನ್ನಡಕವು ಮೈಕ್ರೋಸಾಫ್ಟ್ ಕಂಪೆನಿಯ ಹೋಲೋಲೆನ್ಸ್. 2019ರಲ್ಲಿ ಅದರ ಎರಡನೆಯ ಮಾದರಿಯು ಹೊರಬಂದಾಗ ಬೆಲೆ 3,500 ಡಾಲರು. 2024ರಲ್ಲಿ ಕಂಪೆನಿಯು ಅದರ ತಯಾರಿಕೆಯನ್ನೇ ನಿಲ್ಲಿಸಿತು. ಗೂಗಲ್ ಕಂಪೆನಿಯ ಕನ್ನಡಕವು ಅದಕ್ಕೂ ಮೊದಲು, 2023ರ ಮಾರ್ಚಿಯಲ್ಲಿ, ಅಂಗಡಿಯಿಂದ ಮರೆಯಾಯಿತು. ಲಾಭವಿಲ್ಲದ ಸರಕನ್ನು ವ್ಯಾಪಾರಿಯು ಬಿಡುವುದು ಸಹಜ. ಅವರನ್ನು ನಾವು ದೂರುವುದಿಲ್ಲ. ಆದರೆ ಆ ಕನ್ನಡಕವೊಂದನ್ನೇ ನಂಬಿ ಪಾಠಕ್ರಮವನ್ನು ಕಟ್ಟಿಕೊಂಡ ಬಡ ದೇಶದ ಆಸ್ಪತ್ರೆಯು ಮುಂದೇನು ಮಾಡತಕ್ಕದ್ದು? ಒಂದು ಬಿಡಿಭಾಗ ಕೆಟ್ಟರೆ ಕಾಗದ ಬರೆಯುವುದು ಯಾರಿಗೆ? ಸಾಮಾನ್ಯ ಟ್ಯಾಬ್ಲೆಟ್ಟಿನಲ್ಲಿಯೂ, ಅಂಗಡಿಯಲ್ಲಿ ದೊರೆಯುವ ಕ್ಯಾಮೆರಾದಲ್ಲಿಯೂ ನಡೆಯುವ ಏರ್ಪಾಡೇ ನಮ್ಮಂತಹವರಿಗೆ ಲೇಸೆಂದು ನಾವು ಭಾವಿಸುವೆವು. ತಲೆಗೆ ತೊಡುವ ಕಿರೀಟವನ್ನು ನೋಡಿ ಮಂತ್ರಿಗಳು ಮರುಳಾಗುವುದನ್ನು, ಛಾಯಾಚಿತ್ರಕ್ಕೆ ನಿಲ್ಲುವುದನ್ನು, ನಾವು ಬಲ್ಲೆವು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಗೆ ಶಸ್ತ್ರಶಾಲೆಗಳಲ್ಲಿಯೂ ನಿದರ್ಶನವುಂಟು. ಅರಿವಳಿಕೆಯಲ್ಲಿರುವ ರೋಗಿಯ ರಕ್ತದಲ್ಲಿ ಪ್ರಾಣವಾಯು ಎಷ್ಟಿದೆಯೆಂದು ಬೆರಳಿಗೆ ಸಿಕ್ಕಿಸಿ ನೋಡುವ ಪಲ್ಸ್ ಆಕ್ಸಿಮೀಟರು ಜಗತ್ತಿನ ಸುಮಾರು 77 ಸಾವಿರ ಶಸ್ತ್ರಶಾಲೆಗಳಲ್ಲಿ ಇಲ್ಲವೆಂದು 2010ರಲ್ಲಿ ಸಂಶೋಧಕರು ಅಂದಾಜು ಮಾಡಿದ್ದರು. ಕನ್ನಡಕದ ಮುಂದೆ ಅದರ ಬೆಲೆ ಎಷ್ಟರದು? ಅರಿವಳಿಕೆ ಕೊಡುವವರಿಲ್ಲದೆ, ಕೂಡಿಟ್ಟ ರಕ್ತವಿಲ್ಲದೆ, ನಿಲ್ಲದ ದೀಪವಿಲ್ಲದೆ, ಲೋಕದ ಶ್ರೇಷ್ಠ ಗುರುವೇ ಪರದೆಯಲ್ಲಿ ಬಂದು ಕುಳಿತರೂ ಅವನು ನೋಡಬೇಕಾದದ್ದು ರೋಗಿಯ ಮರಣವನ್ನು.

ಗುರು ಯಾರು, ಶಿಷ್ಯ ಯಾರು ಎಂಬ ವಿಷಯದಲ್ಲಿಯೂ ಒಂದು ಮಾತನ್ನು ಹೇಳದೆ ಇರಲಾರೆವು. ಅಲಬಾಮಾದವರು ವಿಯೆಟ್ನಾಮಿನವರಿಗೆ ಕಲಿಸಿದ ಶಸ್ತ್ರಕ್ರಿಯೆ ಯಾವುದು? ಹಸುಗೂಸುಗಳ ತಲೆಯಲ್ಲಿ ನೀರು ತುಂಬಿ ತಲೆ ಊದುವ ರೋಗಕ್ಕೆ ಮಾಡತಕ್ಕ ಕ್ರಮ. ಶ್ರೀಮಂತ ದೇಶಗಳಲ್ಲಿ ಇದಕ್ಕೆ ಮಿದುಳಿನಿಂದ ಹೊಟ್ಟೆಗೆ ಕೊಳವೆಯೊಂದನ್ನು ಇಳಿಸುವುದು ರೂಢಿ. ಕೊಳವೆ ಕಟ್ಟಿಕೊಂಡರೆ ಕೂಡಲೇ ಮತ್ತೆ ಕೊಯ್ಯಬೇಕು. ನಗರದ ಮಗು ಆಸ್ಪತ್ರೆ ಸೇರುವುದು, ಆಫ್ರಿಕದ ಹಳ್ಳಿಯ ಮಗು ದಾರಿಯಲ್ಲಿಯೇ ತೀರಿಕೊಳ್ಳುವುದು. ಈ ಕಷ್ಟವನ್ನು ಎದುರಿಗೆ ಕಂಡು, ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ಶಸ್ತ್ರವೈದ್ಯರು, ಉಗಾಂಡಾದ ಎಂಬಾಲೆ ಎಂಬ ಊರಿನ ಮಕ್ಕಳ ಆಸ್ಪತ್ರೆಯಲ್ಲಿ, ಕೊಳವೆಯಿಲ್ಲದ ಕ್ರಮವೊಂದನ್ನು ರೂಢಿಗೆ ತಂದರು: ಸಣ್ಣ ದುರ್ಬೀನಿನಿಂದ ಒಳಹೊಕ್ಕು ನೀರಿಗೆ ಬೇರೆ ದಾರಿ ತೆರೆಯುವುದು, ನೀರನ್ನು ಹುಟ್ಟಿಸುವ ಭಾಗವನ್ನು ಸುಡುವುದು. ಉಗಾಂಡಾದಲ್ಲಿ ಬೆಳೆದ ಆ ವಿದ್ಯೆಯು ಅಮೆರಿಕಕ್ಕೆ ಹೋಗಿ, ಅಲ್ಲಿಂದ ತಂತಿಯ ಮೇಲೆ ವಿಯೆಟ್ನಾಮಿಗೆ ಬಂದಿತು. ಬಡವರ ನಡುವೆ ಹುಟ್ಟಿದ ವಿದ್ಯೆಯು ಇನ್ನೊಬ್ಬ ಬಡವನನ್ನು ಸೇರುವುದಕ್ಕೆ ಶ್ರೀಮಂತನ ಮನೆಯ ಹಜಾರವನ್ನು ಹಾದುಹೋಗಬೇಕೆ? ಕಂಪಾಲಾಕ್ಕೂ ಹೋ ಚಿ ಮಿನ್ ನಗರಕ್ಕೂ ನೇರವಾಗಿ ಗೆರೆ ಎಳೆಯುವುದನ್ನು ಯಂತ್ರವು ತಡೆಯುವುದಿಲ್ಲ. ತಡೆಯುವುದು ನಮ್ಮ ಅಭ್ಯಾಸ. ಪೂರ್ವ, ಮಧ್ಯ, ದಕ್ಷಿಣ ಆಫ್ರಿಕದ ದೇಶಗಳು 1999ರಲ್ಲಿ ಕೂಡಿ ಶಸ್ತ್ರವೈದ್ಯರ ಕಾಲೇಜೊಂದನ್ನು ಸ್ಥಾಪಿಸಿ, ಶಿಷ್ಯರನ್ನು ತಂತಮ್ಮ ದೇಶದ ಆಸ್ಪತ್ರೆಗಳಲ್ಲಿಯೇ ಇಟ್ಟು ತಯಾರು ಮಾಡುತ್ತಿರುವುವು. ಇಂತಹ ಕೂಟಕ್ಕೆ ಈ ಸಾಧನವು ದೊರೆತರೆ ಅದು ಸಾರ್ಥಕವಾಗುವುದು.

ನಮ್ಮ ಮನೆಯ ವಿಚಾರವೇನು? 2022ರ ಮಾರ್ಚಿಯವರೆಗಿನ ಕೇಂದ್ರ ಸರ್ಕಾರದ ಲೆಕ್ಕದಂತೆ ಭಾರತದ ಹಳ್ಳಿಗಾಡಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ಶಸ್ತ್ರವೈದ್ಯರಲ್ಲಿ ನೂರಕ್ಕೆ 83ರಷ್ಟು ಕೊರತೆಯಿತ್ತು. ಇದನ್ನು ಓದಿ ನಮಗೆ ನಾಚಿಕೆಯಾಯಿತು. ನಗರಗಳಲ್ಲಿ ಗುರುಗಳಿಗೆ ಬರವಿಲ್ಲ. ಅವರನ್ನು ಹಳ್ಳಿಗೆ ಮುಟ್ಟಿಸುವ ದಾರಿಯೇ ಇಲ್ಲದ್ದು. ಆ ದಾರಿಯನ್ನು ಒಮ್ಮೆ ನಾವು ಹಾಕಿದ್ದೆವು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ, ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ, ಇಸ್ರೋದ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು 2002ರಲ್ಲಿ. ಅದು ಹೃದ್ರೋಗಿಗಳ ವಿಷಯದಲ್ಲಿ ಸಲಹೆ ಪಡೆಯುವ ಏರ್ಪಾಡು, ಶಸ್ತ್ರವಿದ್ಯೆಯ ಪಾಠಶಾಲೆಯಲ್ಲ. ಆದರೂ ತಂತಿಯ ಎರಡು ತುದಿಗಳೂ, ನಡುವಣ ಆಕಾಶದ ಕೊಂಡಿಯೂ ನಮ್ಮವೇ ಆಗಿದ್ದುವು.

2021ರಲ್ಲಿ ಸೇರಿದ ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳಿಂದ ಮೊದಲುಗೊಂಡು, ಪ್ರತಿಯೊಬ್ಬರೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವಾಗಿದೆ. ನಿಯಮವು ಒಳ್ಳೆಯದು. ಆದರೆ ಅಲ್ಲಿ ಕಲಿಸುವ ಹಿರಿಯರಿಲ್ಲದಿದ್ದರೆ ಆ ಮೂರು ತಿಂಗಳು ರುಜು ಹಾಕುವುದರಲ್ಲಿಯೇ ಕಳೆಯುವುದು. ಈ ವಿದ್ಯಾರ್ಥಿಗಳಿಗೂ ಅವರವರ ಕಾಲೇಜಿನ ಅಧ್ಯಾಪಕರಿಗೂ ನಡುವೆ ಈ ಸಾಧನವನ್ನು ಏಕೆ ಇಡಬಾರದು? ಗುರುವು ಶಿಷ್ಯನ ಕೈಯನ್ನು ಮೊದಲೇ ಬಲ್ಲನು. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿರುವನು. ಮಾತು ಕನ್ನಡದಲ್ಲಿ ನಡೆಯುವುದರಿಂದ, ಪಕ್ಕದಲ್ಲಿ ಶಸ್ತ್ರ ನೀಡುವ ದಾದಿಯೂ ಪಾಠವನ್ನು ಕೇಳುವಳು. ದಾದಿಗೆ ತಿಳಿಯದ ಪಾಠದಿಂದ ಶಸ್ತ್ರಶಾಲೆಗೆ ಅರ್ಧ ಪ್ರಯೋಜನವೇ ಸರಿ.

ಸರ್ಕಾರದವರು ಇಂತಹ ಸಾಧನಕ್ಕೆ ಟೆಂಡರು ಕರೆಯುವ ದಿನ ದೂರವಿರಲಾರದು. ಕರಾರಿನಲ್ಲಿ ಕೆಲವು ಸಂಗತಿಗಳನ್ನು ಈಗಲೇ ಬರೆದಿಡುವುದು ಯುಕ್ತ. ಶಸ್ತ್ರಕ್ರಿಯೆಯ ಚಲಚ್ಚಿತ್ರವೆಲ್ಲ ಆಸ್ಪತ್ರೆಯ ಸ್ವತ್ತಾಗಿರತಕ್ಕದ್ದು. ಕಂಪೆನಿಯು ಅದನ್ನು ತನ್ನ ಯಂತ್ರಗಳಿಗೆ ಪಾಠ ಹೇಳಲು ಬಳಸುವುದಾದರೆ ರೋಗಿಯ ಒಪ್ಪಿಗೆಯನ್ನೂ ಆಸ್ಪತ್ರೆಯ ಒಪ್ಪಿಗೆಯನ್ನೂ ಪಡೆಯತಕ್ಕದ್ದು. ಬಡವನ ಹೊಟ್ಟೆಯೊಳಗಿನ ಚಿತ್ರಕ್ಕೂ ಮಾನವುಂಟು. ಕಂಪೆನಿಯು ಅಂಗಡಿ ಮುಚ್ಚಿದರೆ ಏರ್ಪಾಡನ್ನು ನಡೆಸಿಕೊಂಡು ಹೋಗುವ ಹಕ್ಕು ಕೊಂಡವರಿಗಿರಬೇಕು. ಯಾವ ಶಿಷ್ಯನು ಎಷ್ಟು ಶಸ್ತ್ರಕ್ರಿಯೆಗಳನ್ನು ಗುರುವಿನ ನೆರವಿನಿಂದ ಮಾಡಿದನು, ಎಷ್ಟನೆಯದರಿಂದ ನೆರವಿಲ್ಲದೆ ಮಾಡಿದನು, ಅವನ ರೋಗಿಗಳು ಮನೆಗೆ ನಡೆದುಹೋದರೇ ಎಂಬುದರ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಕೊಂಡ ಕನ್ನಡಕಗಳ ಸಂಖ್ಯೆಯನ್ನು ಮಾತ್ರ ಪ್ರಕಟಿಸುವ ವರದಿಯನ್ನು ನಾವು ಒಪ್ಪುವುದಿಲ್ಲ.

ಇದಕ್ಕೆಲ್ಲ ಮೊದಲು ಬೇರೊಂದು ಪಟ್ಟಿಯು ಹೊರಬರಬೇಕು. ರಾಜ್ಯದ ಒಂದೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಶಸ್ತ್ರವೈದ್ಯರು ಎಷ್ಟು ಮಂದಿ, ಅರಿವಳಿಕೆಯವರು ಎಷ್ಟು ಮಂದಿ, ರಾತ್ರಿ ಎರಡು ಗಂಟೆಗೆ ಹೆರಿಗೆಯ ಶಸ್ತ್ರಕ್ರಿಯೆಯನ್ನು ಮಾಡುವುದಕ್ಕೆ ಎಲ್ಲೆಲ್ಲಿ ಸಾಧ್ಯ, ಎಲ್ಲೆಲ್ಲಿ ಅಸಾಧ್ಯ ಎಂಬ ಪಟ್ಟಿ. ಆರೋಗ್ಯ ಖಾತೆಯವರು ಅದನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರಜೆಗಳ ಮುಂದಿಟ್ಟರೆ, ನಮ್ಮ ಪತ್ರಿಕೆಯ ಮೊದಲ ಪುಟದಲ್ಲಿ ಅದಕ್ಕೆ ಸ್ಥಳ ಕೊಡಲು ನಾವು ಸಿದ್ಧರಿದ್ದೇವೆ.